ತಳ ಅಳೆಯುವಾಗ ಕಾಡುವುದು ತಳವಲ್ಲ, ನೀರು

ಸರ್ವೆ ಹಡಗಿನಲ್ಲಿ ಕೂತು ಸಮುದ್ರದ ತಳದ ನಕ್ಷೆ ಮಾಡುವುದು ನನ್ನ ಕೆಲಸ. ಹಡಗಿನ ಅಡಿಯಲ್ಲಿ ಮಲ್ಟಿಬೀಮ್ ಸೋನಾರ್ ಇರುತ್ತದೆ. ಅದು ಬೀಸಣಿಗೆ ಬಿಚ್ಚಿದ ಹಾಗೆ ಎರಡೂ ಪಕ್ಕಕ್ಕೆ ಶಬ್ದ ಬಿಡುತ್ತದೆ. ಆ ಶಬ್ದ ತಳಕ್ಕೆ ಬಡಿದು ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರಿಂದ ಆಳ ಗೊತ್ತಾಗುತ್ತದೆ. 80 ಮೀಟರ್ ನೀರಿದ್ದರೆ ಒಂದು ಓಟಕ್ಕೆ ಹೆಚ್ಚುಕಡಿಮೆ ಕಾಲು ಕಿಲೋಮೀಟರ್ ಅಗಲದ ಪಟ್ಟಿ ಸಿಗುತ್ತದೆ.

ಕೇಳಲು ಸುಲಭ ಅಲ್ವಾ? ತೊಂದರೆ ಶಬ್ದದ ವೇಗದ್ದು. ಸಮುದ್ರದ ನೀರಲ್ಲಿ ಅದು ಸೆಕೆಂಡಿಗೆ ಸುಮಾರು 1500 ಮೀಟರ್. ಆದರೆ ನೀರು ಒಂದು ಡಿಗ್ರಿ ತಣ್ಣಗಾದರೆ ಎರಡು-ಮೂರು ಮೀಟರ್ ಕಡಿಮೆಯಾಗುತ್ತದೆ. ಬೆಚ್ಚಗಿನ ಮೇಲಿನ ನೀರಿಂದ ತಣ್ಣನೆ ಪದರಕ್ಕೆ ಇಳಿಯುವಾಗ ಓರೆಯಾಗಿ ಹೋಗುವ ಶಬ್ದ ಬಾಗುತ್ತದೆ. ನೇರ ಕೆಳಗೆ ಹೋದದ್ದು ಬಾಗುವುದಿಲ್ಲ. ಹಾಗಾಗಿ ಪಟ್ಟಿಯ ನಡುಭಾಗ ಸರಿ ಇದ್ದು ಅಂಚುಗಳಷ್ಟೇ ಕೆಡುತ್ತವೆ. ಸಪಾಟಾದ ಕೆಸರಿನ ತಳವೂ ಎರಡೂ ಕಡೆ ಮೇಲೆದ್ದು ಸ್ಮೈಲಿ ಥರ ಕಾಣುತ್ತದೆ, ಇಲ್ಲವೇ ಕೆಳಗೆ ಜೋತು ಬೀಳುತ್ತದೆ. ಪಕ್ಕದ ಪಟ್ಟಿಯ ಜೊತೆ ಅಂಚು ಹೊಂದದಿದ್ದರೆ ನಾನು ಮೊದಲು ಅನುಮಾನಿಸುವುದು ಮೆಷಿನ್ನನ್ನಲ್ಲ, ನೀರನ್ನು. ಹಡಗು ನಿಲ್ಲಿಸಿ, ವೇಗ ಅಳೆಯುವ ಪ್ರೋಬನ್ನು ತಳದವರೆಗೂ ಇಳಿಸಿ, ಹೊಸ ಲೆಕ್ಕ ಹಾಕಿಯೇ ಮುಂದೆ ಹೋಗುತ್ತೇನೆ. ಗಂಟೆಗಟ್ಟಲೆ ಹಳೆಯದಾದ ಲೆಕ್ಕ ನಂಬಿ ಸುಮ್ನೆ ಓಡಿಸಿದರೆ ಆಮೇಲೆ ಕಂಪ್ಯೂಟರ್ ಮುಂದೆ ಅದರ ನಾಲ್ಕು ಪಟ್ಟು ಹೊತ್ತು ಹೋಗುತ್ತದೆ.

ನಮಗೆ ಕಾಟ ಕೊಡುವ ಇದೇ ಪದರ ಸಬ್‌ಮರೀನ್‌ನವರಿಗೆ ಮರೆ. ಅದರ ಕೆಳಗೆ ಇಳಿದರೆ ಮೇಲಿನ ಹಡಗಿನ ಸೋನಾರ್ ಶಬ್ದ ಬಾಗಿ ತಪ್ಪಿಹೋಗುವುದೇ ಜಾಸ್ತಿ. ಆದರೆ ಅವಿತುಕೊಂಡವರು ತಾವೂ ಶಬ್ದ ಮಾಡುವಂತಿಲ್ಲ. ಸೋನಾರ್ ಬಿಟ್ಟರೆ ಎಲ್ಲಿದ್ದೇವೆ ಅಂತ ಡಂಗುರ ಹೊಡೆದಂತೆ. ಹಾಗಾಗಿ ಅವರು ನಕ್ಷೆ ನಂಬಿಯೇ ಹೋಗಬೇಕು. 2005ರ ಜನವರಿಯಲ್ಲಿ ಅಮೆರಿಕದ ಯುಎಸ್‌ಎಸ್ ಸ್ಯಾನ್ ಫ್ರಾನ್ಸಿಸ್ಕೊ ಸಬ್‌ಮರೀನ್ ಪೆಸಿಫಿಕ್ ದ್ವೀಪವಾದ ಗುವಾಮ್‌ನ ದಕ್ಷಿಣಕ್ಕೆ ಸಮುದ್ರದಡಿಯ ಪರ್ವತಕ್ಕೆ ಪೂರ್ತಿ ವೇಗದಲ್ಲಿ ಗುದ್ದಿತು. ಒಬ್ಬ ನಾವಿಕ ತೀರಿಕೊಂಡ. ಅವರು ಬಳಸುತ್ತಿದ್ದ ನಕ್ಷೆಯಲ್ಲಿ ಆ ಪರ್ವತವೇ ಇರಲಿಲ್ಲ. 2021ರಲ್ಲಿ ಯುಎಸ್‌ಎಸ್ ಕನೆಕ್ಟಿಕಟ್ ಕೂಡ ದಕ್ಷಿಣ ಚೀನಾ ಸಮುದ್ರದಲ್ಲಿ ಹೀಗೆಯೇ ಗುದ್ದಿತು. ಇವತ್ತಿಗೂ ಜಗತ್ತಿನ ಸಮುದ್ರ ತಳದಲ್ಲಿ ಸೋನಾರ್‌ನಿಂದ ಸರಿಯಾಗಿ ಅಳೆದದ್ದು ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ನಮ್ಮ ಕರಾವಳಿಯ ಎದುರೂ ಇಂಥ ಉಬ್ಬುಗಳಿವೆ. ಮಲ್ಪೆಯಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ ಗವೇಷಣಿ ಬ್ಯಾಂಕ್ ಅನ್ನುವ ಉಬ್ಬು ಇದೆ. 1970ರ ದಶಕದಲ್ಲಿ ಗವೇಷಣಿ ಸಂಶೋಧನಾ ಹಡಗಿನವರು ಕಂಡುಹಿಡಿದದ್ದು. ಸುತ್ತ 80 ಮೀಟರ್ ಆಸುಪಾಸು ಆಳ, ಇದರ ನೆತ್ತಿ ಮಾತ್ರ 40ರ ಆಸುಪಾಸಿಗೆ ಬಂದಿದೆ. ಮೇಲೆ ಜೀವಂತ ಹವಳವಿದೆ. ಅಂಥ ಕಡೆ ಪಟ್ಟಿಯ ಅಗಲ ಥಟ್ಟನೆ ಅರ್ಧಕ್ಕೆ ಇಳಿಯುತ್ತದೆ. ಹಡಗು ಓಡಿಸುವ ಸಾಲುಗಳನ್ನು ಹತ್ತಿರ ಹಾಕಿಕೊಳ್ಳದಿದ್ದರೆ ನಕ್ಷೆಯಲ್ಲಿ ತೂತು ಖಚಿತ.

ಈ ಕಡೆ ಸರ್ವೆಗೆ ಹೊರಡುವವರು ಡಿಸೆಂಬರ್, ಜನವರಿ ಸಿಕ್ಕರೆ ಬಿಡಬೇಡಿ. ಮಳೆಗಾಲದಲ್ಲಿ ತಣ್ಣನೆ ನೀರು ದಡದ ಹತ್ತಿರಕ್ಕೆ ಮೇಲೇರುತ್ತದೆ, ಮಳೆ ನಿಂತ ಮೇಲೂ ಸ್ವಲ್ಪ ದಿನ ಉಳಿಯುತ್ತದೆ. ಚಳಿಗಾಲದಲ್ಲಿ ಪದರ ಕೆಳಗಿಳಿದಿರುತ್ತದೆ, ಪ್ರೋಬ್ ಕೆಲಸವೂ ಕಡಿಮೆ.