ಹಳೇ ಡಿಗ್ರಿ ಸರ್ಟಿಫಿಕೇಟಿಗೆ ಯಾವ ಬಸ್ಸು ಹತ್ತಬೇಕು?

ಉಡುಪಿಯ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದು ರಿಟೈರ್ ಆದವನು ನಾನು. ಈಗಲೂ ಫೋನ್ ಬರುತ್ತದೆ: "ಮಾರಾಯ್ರೇ, ಸರ್ಟಿಫಿಕೇಟ್ ಕಳೆದುಹೋಗಿದೆ. ಕೊಣಾಜೆಗೆ ಹೋದ್ರೆ ಸಿಗ್ತದಾ?"

ಕೊಣಾಜೆ ಅಂದರೆ ಮಂಗಳೂರು ವಿಶ್ವವಿದ್ಯಾಲಯ ಇರುವ ಜಾಗ. ಸಿಗಬಹುದು, ಸಿಗದೆಯೂ ಇರಬಹುದು. ಮೊದಲು ಕೊನೇ ವರ್ಷದ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಹುಡುಕಿ. ಅದರ ತಲೆಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ನಿಮ್ಮ ದಾರಿ ಅಲ್ಲಿಗೆ. ಕಾಲೇಜಿನ ಗೇಟಿನಲ್ಲಿ ಇವತ್ತು ಏನು ಬೋರ್ಡ್ ಇದೆ ಅಂತ ನೋಡಬೇಡಿ.

ಮಂಗಳೂರು ವಿಶ್ವವಿದ್ಯಾಲಯ ಶುರುವಾದದ್ದು 1980ರಲ್ಲಿ. ಅದಕ್ಕೂ ಮೊದಲು ನಮ್ಮ ಕಡೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಇಲ್ಲೇ ಜಾಸ್ತಿ ಜನ ಎಡವುವುದು. ಕೊಣಾಜೆಯ ಗುಡ್ಡದ ಮೇಲೆ 1968ರಿಂದಲೇ ಮೈಸೂರಿನವರ ಸ್ನಾತಕೋತ್ತರ ಕೇಂದ್ರ ಇತ್ತು. ಅಲ್ಲಿ 1975ರಲ್ಲಿ ಎಂ.ಎ. ಮಾಡಿದವರು ಓದಿದ್ದು ಕೊಣಾಜೆಯಲ್ಲಿ, ಡಿಗ್ರಿ ಮೈಸೂರಿನದು! ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, 1978ರಲ್ಲಿ ಬಿ.ಕಾಂ. ಪಾಸಾದ ಒಬ್ಬರನ್ನು ಕೊಣಾಜೆಗೆ ಕಳಿಸಿಬಿಟ್ಟಿದ್ದೆ. ಮಳೆಗಾಲ ಬೇರೆ. ಸಂಜೆ ಒದ್ದೆ ಕೊಡೆ ಹಿಡಿದುಕೊಂಡು ಬಂದು ನನ್ನ ಮೇಜಿನ ಎದುರು ಸುಮ್ನೆ ನಿಂತರು. ಬೈದಿದ್ದರೇ ವಾಸಿಯಿತ್ತು.

ಆಮೇಲೆ ಒಂದೊಂದೇ ಕೋರ್ಸ್ ಮಂಗಳೂರಿನ ಕೈಬಿಟ್ಟು ಹೋಯಿತು. ಮೆಡಿಕಲ್ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ, ಇಂಜಿನಿಯರಿಂಗ್ 1998ರಲ್ಲಿ ಬೆಳಗಾವಿಯ ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), ಲಾ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ. 2023ರಲ್ಲಿ ಕೊಡಗಿಗೇ ಬೇರೆ ವಿಶ್ವವಿದ್ಯಾಲಯ ಬಂತು. ಉಡುಪಿ 1997ರಲ್ಲಿ ಬೇರೆ ಜಿಲ್ಲೆಯಾದರೂ ನಮ್ಮ ಕಾಲೇಜುಗಳು ಮಂಗಳೂರಿನ ಜೊತೆಗೇ ಉಳಿದವು. ಹೀಗೆ ಬದಲಾವಣೆ ಆದಾಗೆಲ್ಲ, ಅರ್ಧ ಓದಿದ್ದ ಮಕ್ಕಳು ಸಾಮಾನ್ಯವಾಗಿ ಹಳೇ ವಿಶ್ವವಿದ್ಯಾಲಯದಲ್ಲೇ ಮುಗಿಸುತ್ತಾರೆ. ಅದಕ್ಕೇ ಕೊನೇ ವರ್ಷದ ಕಾರ್ಡ್ ನೋಡಿ ಅಂದದ್ದು.

ಸ್ವಾಯತ್ತ ಕಾಲೇಜಿನವರಿಗೆ ಇನ್ನೊಂದು ಗೊಂದಲ. ಅಲ್ಲಿ ಪರೀಕ್ಷೆ ನಡೆಸುವುದು ಕಾಲೇಜು, ಡಿಗ್ರಿ ಕೊಡುವುದು ವಿಶ್ವವಿದ್ಯಾಲಯ. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು 2007ರಲ್ಲಿ ಸ್ವಾಯತ್ತ ಆಯಿತು, 2024ರಲ್ಲಿ ತಾನೇ ಡಿಗ್ರಿ ಕೊಡುವ ಡೀಮ್ಡ್ ವಿಶ್ವವಿದ್ಯಾಲಯವೇ ಆಯಿತು. ಅಲ್ಲಿ 2015ರಲ್ಲಿ ಮುಗಿಸಿದವರು ಮಾರ್ಕ್ಸ್ ಕಾರ್ಡಿಗೆ ಕಾಲೇಜನ್ನೇ ಕೇಳಬೇಕು, ಘಟಿಕೋತ್ಸವದ ಸರ್ಟಿಫಿಕೇಟಿಗೆ ಕೊಣಾಜೆಗೆ ಹೋಗಬೇಕು.

ಹೊರಡುವ ಮೊದಲು ರಿಜಿಸ್ಟರ್ ನಂಬರ್ ಬರೆದಿಟ್ಟುಕೊಳ್ಳಿ. ಅದಿಲ್ಲದಿದ್ದರೆ ಮೊದಲು ನಿಮ್ಮ ಕಾಲೇಜಿನ ಆಫೀಸಿಗೇ ಹೋಗಿ, ಹಳೇ ಅಡ್ಮಿಷನ್ ರಿಜಿಸ್ಟರ್ ತೆಗೆಸಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಬೇಡಿ, ಯಾರೂ ಕಪಾಟು ತೆರೆಯುವುದಿಲ್ಲ. ಕಳೆದುಹೋದದ್ದಕ್ಕೆ ಪೊಲೀಸ್ ಠಾಣೆಯ ಹಿಂಬರಹ (ದೂರು ಕೊಟ್ಟದ್ದಕ್ಕೆ ಅವರು ಬರೆದುಕೊಡುವ ಪತ್ರ), ಛಾಪಾ ಕಾಗದದ ಮೇಲೆ ಅಫಿಡವಿಟ್ ಸಾಮಾನ್ಯವಾಗಿ ಕೇಳುತ್ತಾರೆ. ಶುಲ್ಕ ಎಷ್ಟು ಅಂತ ಫೋನಿನಲ್ಲೇ ವಿಚಾರಿಸಿಕೊಳ್ಳಿ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ತೊಕ್ಕೊಟ್ಟು, ದೇರಳಕಟ್ಟೆ ಮೇಲೆ ಕೊಣಾಜೆಗೆ ಬೇಕಾದಷ್ಟು ಬಸ್ಸಿದೆ.

ಹೊಸದು ಕೈಗೆ ಬಂದ ಮೇಲೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಗಲ್ಫಿಗೆ ಹೋಗುವವರಿಗೆ ಅದರ ಹಿಂಬದಿಯಲ್ಲೇ ದೃಢೀಕರಣದ ಸೀಲು ಬೀಳಬೇಕು.