ಪ್ರಾರ್ಥನೆಗೆ ಉತ್ತರ ಬರುವ ತನಕ ಏನು ಮಾಡಬೇಕು?

ಕೆಲಸ ಸಿಗಲಿ ಅಂತಲೋ, ಮಗು ಆಗಲಿ ಅಂತಲೋ, ಗಂಡ ಕುಡಿತ ಬಿಡಲಿ ಅಂತಲೋ ವರ್ಷಗಟ್ಟಲೆ ಪ್ರಾರ್ಥನೆ ಮಾಡುತ್ತಿದ್ದೀರಿ. ಉತ್ತರ ಇಲ್ಲ. ಸಭೆಯಲ್ಲಿ ಯಾರನ್ನು ಕೇಳಿದರೂ "ದೇವರ ಸಮಯಕ್ಕೆ ಕಾಯಿರಿ" ಅನ್ನುತ್ತಾರೆ. ಸರಿ, ಆದರೆ ಹೇಗೆ ಕಾಯುವುದು ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಮೊದಲು ದೂರು ಹೇಳಿಬಿಡಿ, ದೇವರಿಗೇ. ಸತ್ಯವೇದದ, ಅಂದರೆ ಬೈಬಲಿನ, 13ನೇ ಕೀರ್ತನೆ ತೆಗೆಯಿರಿ, ಇರುವುದೇ ಆರು ವಚನ. ಮೊದಲ ಎರಡರಲ್ಲೇ ದಾವೀದ ನಾಲ್ಕು ಸಲ "ಇನ್ನೆಷ್ಟು ದಿನ" ಅಂತ ಕೇಳುತ್ತಾನೆ. ಅದನ್ನು ಜೋರಾಗಿ ಓದಿ, ನಿಮ್ಮ ಕಷ್ಟದ ಹೆಸರು ಸೇರಿಸಿ ಓದಿ. ಇದು ಅಪನಂಬಿಕೆ ಅಂತ ಯಾರಾದರೂ ಅಂದರೆ ತಲೆ ಕೆಡಿಸಿಕೊಳ್ಳಬೇಡಿ, ಸತ್ಯವೇದದಲ್ಲೇ ಇದೆ.

ಆಮೇಲೆ ಎದ್ದು ಊಟ ಮಾಡಿ. ತಮಾಷೆಗೆ ಹೇಳುತ್ತಿಲ್ಲ. ಸತ್ಯವೇದದಲ್ಲಿ ಬರುವ ಮಕ್ಕಳಿಲ್ಲದ ಹನ್ನ ಸವತಿಯ ಕುಹಕ ಕೇಳಿ ಕೇಳಿ ಊಟವನ್ನೇ ಬಿಟ್ಟಿದ್ದಳು. ಶೀಲೋವಿನ ದೇವಾಲಯದಲ್ಲಿ ಅವಳು ಪ್ರಾರ್ಥಿಸುವಾಗ ಬರೀ ತುಟಿ ಅಲ್ಲಾಡುತ್ತಿತ್ತು, ದನಿ ಹೊರಗೆ ಬರುತ್ತಿರಲಿಲ್ಲ, ಯಾಜಕ ಏಲಿ ಕುಡಿದಿದ್ದಾಳೆ ಅಂದುಕೊಂಡು ಬೈದೇಬಿಟ್ಟ. ಅವಳು ಹಾಗಲ್ಲ ಸ್ವಾಮೀ, ಮನಸ್ಸಿನಲ್ಲಿದ್ದದ್ದನ್ನೆಲ್ಲ ದೇವರ ಮುಂದೆ ಸುರಿಯುತ್ತಿದ್ದೇನೆ ಅಂದಳು. ಏಲಿ ಹರಸಿ ಕಳಿಸಿದ. ಅವಳು ಹೋಗಿ ಊಟ ಮಾಡಿದಳು, ಮುಖ ಬಾಡಿದ್ದು ಹೋಯಿತು. ಗಮನಿಸಿ, ಆಗ ಇನ್ನೂ ಗರ್ಭ ನಿಂತಿರಲಿಲ್ಲ, ಸವತಿಯೂ ಮನೆಯಲ್ಲೇ ಇದ್ದಳು. ಕಾಯುವುದರಿಂದ ಸಿಗುವುದು ಏನು ಅಂತ ಕೇಳಿದರೆ ನಾನು ತೋರಿಸುವುದು ಆಮೇಲೆ ಅವಳಿಗೆ ಮಗ ಸಮುವೇಲ ಹುಟ್ಟಿದ್ದನ್ನಲ್ಲ, ಈ ಊಟವನ್ನು.

ಇಸ್ರಾಯೇಲಿನ ಅರಸ ಸೌಲನ ಕಥೆ ಬೇರೆ. ಆಗ ಪ್ರವಾದಿಯಾಗಿದ್ದ ಅದೇ ಸಮುವೇಲ ಬರುವ ತನಕ ಏಳು ದಿನ ಗಿಲ್ಗಾಲಿನಲ್ಲಿ ಕಾಯಬೇಕಿತ್ತು. ಏಳನೇ ದಿನವೂ ಸಮುವೇಲ ಕಾಣಲಿಲ್ಲ, ಯುದ್ಧಕ್ಕೆ ಬಂದಿದ್ದ ಜನ ಚದುರುತ್ತಿದ್ದರು, ಸಮುವೇಲ ಕೊಡಬೇಕಿದ್ದ ಬಲಿಯನ್ನು ಇವನೇ ಕೊಟ್ಟುಬಿಟ್ಟ. ಮುಗಿಸುವ ಹೊತ್ತಿಗೆ ಸಮುವೇಲ ಬಂದ! ಗಾಬರಿಯಲ್ಲಿ ಸಾಲಕ್ಕೆ ಸಹಿ ಹಾಕುವ, ಸಿಕ್ಕಿದ ಸಂಬಂಧಕ್ಕೆ ಹೂಂ ಅನ್ನುವ ಮುಂಚೆ ಒಂದು ವಾರ ತಡೆಯಿರಿ, ನಿಮ್ಮನ್ನು ಬಲ್ಲ ಹಿರಿಯರೊಬ್ಬರ ಹತ್ತಿರ ಮಾತಾಡಿ.

ಹಾಗಂತ ಸುಮ್ನೆ ಕೂರಬೇಡಿ. ಸತ್ಯವೇದದಲ್ಲಿರುವ ಯಾಕೋಬನ ಪತ್ರಿಕೆಯಲ್ಲಿ, ಅಂದರೆ ಅವನು ಬರೆದ ಪತ್ರದಲ್ಲಿ, ಮುಂಗಾರು ಹಿಂಗಾರು ಮಳೆಗೆ ಕಾಯುವ ರೈತ ಬರುತ್ತಾನಲ್ಲ, ಅವನು ಉತ್ತು ಬಿತ್ತಿಯೇ ಕಾಯುತ್ತಾನೆ. ಅರ್ಜಿ ಹಾಕುತ್ತಾ ಇರಿ, ಡಾಕ್ಟರ ಹತ್ತಿರ ಹೋಗಿ, ನಂಬಿಕೆ ಇದ್ದರೆ ಮಾತ್ರೆ ಬಿಡು ಅನ್ನುವವರಿಂದ ದೂರ ಇರಿ. ಇಂಥ ತಿಂಗಳಲ್ಲಿ ಆಗುತ್ತೆ ಅಂತ ತಾರೀಖು ಹೇಳುವವರಿಂದ ಇನ್ನೂ ದೂರ.

ಗಂಡ ಕುಡಿದು ಬಂದು ಹೊಡೆಯುತ್ತಿದ್ದರೆ ಏಟು ತಿನ್ನುತ್ತಾ ಕೂರುವುದಕ್ಕೆ ದೀರ್ಘಶಾಂತಿ ಅನ್ನುವ ಹೆಸರು ಕೊಡಬೇಡಿ. ಮೊದಲು ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ಅವನಿಗಾಗಿ ತವರುಮನೆಯಿಂದಲೂ ಪ್ರಾರ್ಥನೆ ಮಾಡಬಹುದು.