ಮಲಕ್ಕಾ ಜಲಸಂಧಿಯಲ್ಲಿ ನೀರು ಮೊಗೆದದ್ದು: ನನ್ನ ಅನುಭವ

ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದ ನನ್ನಂಥವರಿಗೆ ಕಡಲಿನ ಕ್ಯಾಲೆಂಡರ್ ಅಂದರೆ ಮಳೆಗಾಲ. ಜೂನ್ ಹೊತ್ತಿಗೆ ಗಾಳಿ ತಿರುಗುತ್ತದೆ. ತಳದ ತಣ್ಣನೆಯ ನೀರು ಪೋಷಕಾಂಶ ಹೊತ್ತುಕೊಂಡು ಮೇಲೆ ಬರುತ್ತದೆ. ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿಗಳು ಹುಲುಸಾಗಿ ಬೆಳೆಯುತ್ತವೆ, ಅದರ ಹಿಂದೆಯೇ ಬೂತಾಯಿ, ಬಂಗುಡೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ದಡದಲ್ಲೇ ಕೂರುತ್ತವೆ. ನಮ್ಮ ಕರಾವಳಿಯಲ್ಲಿ ಯಾವ ತಿಂಗಳು ನೀರು ತಂದಿರಿ ಅಂತ ಹೇಳಿದರೆ ಅದರಲ್ಲಿ ಏನಿರಬಹುದು ಅಂತ ಅರ್ಧ ಊಹಿಸಬಹುದು.

ಕಡಲ ನೀರನ್ನೂ ಅದರಲ್ಲಿ ತೇಲುವ ಸಣ್ಣ ಜೀವಿಗಳನ್ನೂ ಪರೀಕ್ಷಿಸುವ ಕೆಲಸಕ್ಕೆ ಅಂತ ಮಲೇಷ್ಯಾಕ್ಕೆ ಹೋದ ಮೇಲೆ ಈ ಲೆಕ್ಕ ಅಷ್ಟಾಗಿ ನಡೆಯಲಿಲ್ಲ. ಮಲಕ್ಕಾ ಜಲಸಂಧಿಯಲ್ಲಿ ನೀರಿನ ಬಿಸಿ ವರ್ಷವಿಡೀ ಹೆಚ್ಚುಕಡಿಮೆ 28ರಿಂದ 31 ಡಿಗ್ರಿ. ಅಲ್ಲೂ ಎರಡು ಮಾನ್ಸೂನ್ ಇವೆ. ಆದರೆ ಈಚೆ ಸುಮಾತ್ರಾ, ಆಚೆ ಮಲಯ ಪರ್ಯಾಯ ದ್ವೀಪ ಅಡ್ಡ ನಿಂತಿರುವುದರಿಂದ ನಮ್ಮಲ್ಲಿಯಷ್ಟು ದೊಡ್ಡ ತಿರುವು ಕಾಣಿಸುವುದಿಲ್ಲ. ಅಲ್ಲಿ ತಿಂಗಳಿಗಿಂತ ಗಂಟೆ ಮುಖ್ಯ. ಉಬ್ಬರ ಎಷ್ಟು ಏರಿತ್ತು, ಇಳಿತ ಎಷ್ಟು ಇಳಿದಿತ್ತು ಅಂತ ಗೊತ್ತಿಲ್ಲದಿದ್ದರೆ ಬಾಟಲಿಯಲ್ಲಿರುವ ನೀರಿಗೆ ಬೆಲೆಯಿಲ್ಲ.

ನಮ್ಮ ಸರ್ವೆ ಪೋರ್ಟ್ ಕ್ಲಾಂಗ್ ಎದುರಿನ ಕಡಲಲ್ಲಿ. ಕ್ವಾಲಾಲಂಪುರದ ನಡುವೆ ಹಾದು ಬರುವ ಕ್ಲಾಂಗ್ ನದಿ ಇಲ್ಲೇ ಕಡಲು ಸೇರುತ್ತದೆ. ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ದ್ವೀಪಗಳು. ಅವುಗಳ ಮಗ್ಗುಲಲ್ಲೇ ಜಗತ್ತಿನ ಅತಿ ದೊಡ್ಡ ಕಂಟೇನರ್ ಬಂದರುಗಳಲ್ಲೊಂದು. ಇನ್ನೂ ಹೊರಗೆ ಹೋದರೆ ಕಡಲ ಮಧ್ಯೆ ಕಂಬಗಳ ಮೇಲೆ ನಿಂತಿರುವ ವನ್ ಫ್ಯಾಥಮ್ ಬ್ಯಾಂಕ್ ದೀಪಸ್ತಂಭ. ಆ ಕಡೆ ದೊಡ್ಡ ಹಡಗುಗಳ ಲೇನ್, ಹೋಗುವುದಕ್ಕೊಂದು, ಬರುವುದಕ್ಕೊಂದು. ಈ ಜಲಸಂಧಿಯಲ್ಲಿ ವರ್ಷಕ್ಕೆ 80 ಸಾವಿರಕ್ಕೂ ಹೆಚ್ಚು ಹಡಗು ಓಡಾಡುತ್ತವೆ. ಬಂದರಿನ ಹತ್ತಿರ ಒಂದು ಕಾಮಗಾರಿ ಶುರುವಾಗುವ ಮುಂಚೆ ಕಡಲಿನ ಸ್ಥಿತಿ ದಾಖಲಿಸಬೇಕಿತ್ತು. ಅಳಿವೆಯಿಂದ ದೀಪಸ್ತಂಭದ ದಿಕ್ಕಿಗೆ ಒಂದು ಗೆರೆ ಎಳೆದು, ಅದರ ಮೇಲೆ ಅಲ್ಲಲ್ಲಿ ಜಾಗ ಗುರುತು ಮಾಡಿಕೊಂಡಿದ್ದೆವು.

ನಕ್ಷೆಯಲ್ಲಿ ಜಾಗ ಗುರುತು ಮಾಡುವುದು ಸುಲಭ. ಅಲ್ಲಿರುವ ನೀರು ನಿಂತಿರಬೇಕಲ್ಲ! ಮಂಗಳೂರಲ್ಲಿ ಉಬ್ಬರ ಇಳಿತದ ಅಂತರ ಒಂದೂವರೆ ಮೀಟರ್ ಆಸುಪಾಸು. ಕ್ಲಾಂಗಿನಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ ನಾಲ್ಕು ಮೀಟರ್ ದಾಟುತ್ತದೆ. ಅಷ್ಟು ನೀರು ಆರು ಗಂಟೆಯಲ್ಲಿ ಒಳಗೆ ಬರಬೇಕು, ಮುಂದಿನ ಆರು ಗಂಟೆಯಲ್ಲಿ ಹೊರಗೆ ಹೋಗಬೇಕು. ಸೆಳೆತ ಜೋರಿದ್ದಾಗ ಎರಡು ನಾಟ್ ದಾಟುತ್ತದೆ, ಅಂದರೆ ಗಂಟೆಗೆ ನಾಲ್ಕು ಕಿಲೋಮೀಟರ್ ಹತ್ತಿರ. ಬೆಳಿಗ್ಗೆ ಒಂದು ಜಾಗದಲ್ಲಿ ಮೊಗೆದ ನೀರು ಮಧ್ಯಾಹ್ನದ ಹೊತ್ತಿಗೆ ಎಲ್ಲೋ ಹೋಗಿರುತ್ತದೆ. ಅದೇ ಜಾಗದಲ್ಲಿ ಉಬ್ಬರದ ತುದಿಗೆ ತೆಗೆದರೆ ಹೊರಗಡಲಿನ ನೀರು, ಇಳಿತದ ಕೊನೆಗೆ ತೆಗೆದರೆ ನದಿಯ ನೀರು.

ಹಾಗಾಗಿ ಮೊದಲು ಮಾಡಿದ ಕೆಲಸ ಉಬ್ಬರದ ಪಟ್ಟಿ ಹಿಡಿದು ಕೂತದ್ದು. ಪ್ರತಿ ಜಾಗಕ್ಕೂ ಎರಡು ಹೊತ್ತು: ಉಬ್ಬರ ತುಂಬಿ ನೀರು ನಿಂತ ಹೊತ್ತು, ಇಳಿತ ಮುಗಿದು ನೀರು ನಿಂತ ಹೊತ್ತು. ತಿಂಗಳಲ್ಲಿ ಹುಣ್ಣಿಮೆ ಅಥವಾ ಅಮಾವಾಸ್ಯೆಗೆ ಒಂದು ಸುತ್ತು, ಸೆಳೆತ ಕಮ್ಮಿ ಇರುವ ಅಷ್ಟಮಿಯ ಹೊತ್ತಿಗೆ ಇನ್ನೊಂದು. ನೀರು ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಅಷ್ಟರಲ್ಲಿ ಒಂದೇ ದೋಣಿ ಎಲ್ಲ ಕಡೆ ಹೋಗಲು ಆಗುವುದಿಲ್ಲ. ಆದ್ದರಿಂದ ಗೆರೆಯನ್ನು ತುಂಡು ಮಾಡಿ, ದಿನಕ್ಕೆ ಒಂದು ತುಂಡು ಮುಗಿಸುತ್ತಿದ್ದೆವು. ಖರ್ಚು ಜಾಸ್ತಿ ಆಗುತ್ತದೆ ಅಂತ ಗೊಣಗಾಟ ಬಂತು. ಬರಲಿ ಬಿಡಿ ಅಂದೆ.

ದೋಣಿ ನಡೆಸುತ್ತಿದ್ದವರು ಕೇತಮ್ ದ್ವೀಪದ ಚೀನೀ ಮೂಲದ ಹಿರಿಯ ಮೀನುಗಾರರು. ಅಲ್ಲಿ ಹಿರಿಯರನ್ನೆಲ್ಲ ಅಂಕಲ್ ಅಂತಲೇ ಕರೆಯುವುದು, ನಾನೂ ಹಾಗೇ ಕರೆದೆ. ಅವರಿಗೆ ಮುದ್ರಿತ ಉಬ್ಬರದ ಪಟ್ಟಿ ಬೇಕಿರಲಿಲ್ಲ. ಚುಕ್ಕಾಣಿಯ ಪಕ್ಕ ತೂಗುಹಾಕಿದ್ದ ಚೀನೀ ಚಾಂದ್ರಮಾನ ಕ್ಯಾಲೆಂಡರ್ ನೋಡಿ "ಇವತ್ತು ನೀರು ಜೋರು, ಬಲೆಗೆ ಭಾರ ಜಾಸ್ತಿ ಕಟ್ಟು" ಅನ್ನುತ್ತಿದ್ದರು. ಅಮ್ಮ ಕಳಿಸಿದ್ದ ಪಂಚಾಂಗ ನನ್ನ ಬ್ಯಾಗಿನಲ್ಲಿತ್ತು. ತಿಥಿ ಹಿಡಿದು ನಾನು ಹೇಳಿದ ಲೆಕ್ಕವೂ ಅವರ ಲೆಕ್ಕವೂ ತಾಳೆಯಾದಾಗ ಅವರಿಗೆ ನನ್ನ ಮೇಲೆ ಸ್ವಲ್ಪ ಗೌರವ ಬಂತು ಅನಿಸುತ್ತದೆ. ಅಲ್ಲಿಯವರೆಗೆ ನಾನು ಬಾಟಲಿ ಹಿಡಿದ ಆಫೀಸಿನವನು ಅಷ್ಟೇ.

ಹಡಗಿನ ಭಯ ಬೇರೆ ತರಹದ್ದು. ಅನುಮತಿ ಪತ್ರ, ಕರಾವಳಿಯ ಹಡಗು ಸಂಚಾರ ಕೇಂದ್ರಕ್ಕೆ ಮುಂಚೆಯೇ ತಿಳಿಸುವುದು, ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ಗೆ ಸದಾ ಕಿವಿ ಕೊಡುವುದು, ಇವೆಲ್ಲ ಇದ್ದದ್ದೇ. ಲೇನ್ ದಾಟಬೇಕಾದರೆ ನೇರ ಅಡ್ಡಕ್ಕೆ ದಾಟಬೇಕು, ಓರೆಯಾಗಿ ಅಲ್ಲ. 20 ಮೀಟರಿಗಿಂತ ಚಿಕ್ಕ ದೋಣಿ ಲೇನಿನಲ್ಲಿ ಬರುವ ಹಡಗಿಗೆ ಅಡ್ಡಿ ಆಗಬಾರದು ಅಂತ ಅಂತಾರಾಷ್ಟ್ರೀಯ ನಿಯಮವೇ ಇದೆ. ನಿಯಮ ಇಲ್ಲದಿದ್ದರೂ ಯಾರಿಗೆ ಧೈರ್ಯ? 300 ಮೀಟರ್ ಉದ್ದದ ಟ್ಯಾಂಕರ್ ನಮ್ಮನ್ನು ನೋಡಿ ಬ್ರೇಕ್ ಹಾಕಿದರೂ ನಿಲ್ಲುವುದು ಎಷ್ಟೋ ದೂರ ಹೋದ ಮೇಲೆ. ಮಾದರಿ ತೆಗೆಯುವ ಜಾಗಗಳನ್ನೆಲ್ಲ ಲೇನಿನ ಹೊರಗೇ ಇಟ್ಟುಕೊಂಡೆವು. ಬಲೆ ನೀರಿನಲ್ಲಿದ್ದಾಗ ದೋಣಿ ಬೇಗ ಓಡಲಾರದು, ಅದು ಸದಾ ತಲೆಯಲ್ಲಿರಬೇಕು.

ಹಡಗು ಹೋದ ಮೇಲೂ ಒಂದಿಷ್ಟು ಕಾಯಬೇಕು. ಅದರ ಅಲೆ ತಡವಾಗಿ ಬಂದು ಬಡಿಯುತ್ತದೆ, ಪ್ಲಾಸ್ಟಿಕ್ ಟ್ರೇ ಉರುಳುತ್ತದೆ. ಆಳ ಕಮ್ಮಿ ಇರುವ ಕಡೆ ಭಾರ ತುಂಬಿದ ಹಡಗು ತಳದ ಕೆಸರನ್ನೂ ಎಬ್ಬಿಸುತ್ತದೆ. ಸೆಕ್ಕಿ ತಟ್ಟೆ ಇಳಿಬಿಟ್ಟಾಗ ಅದು ಕಣ್ಣಿಗೇ ಕಾಣುತ್ತದೆ. ಬಿಳಿ ತಟ್ಟೆಯನ್ನು ಹಗ್ಗದಲ್ಲಿ ಇಳಿಸಿ ಎಷ್ಟು ಆಳಕ್ಕೆ ಮರೆಯಾಯಿತು ಅಂತ ನೋಡುವ ಹಳೇ ವಿಧಾನ. ಅಳಿವೆಯಲ್ಲಿ ಅರ್ಧ ಮೀಟರಿಗೇ ಮಾಯವಾದದ್ದುಂಟು. ಹಡಗು ಹೋದ ಕೂಡಲೇ ತೆಗೆದ ಅಳತೆಗೆ ನಾನು ಪಟ್ಟಿಯಲ್ಲಿ ಬೇರೆ ಗುರುತು ಹಾಕುತ್ತಿದ್ದೆ. ಎಷ್ಟು ಗಂಟೆಗೆ, ಎಷ್ಟು ದೂರದಲ್ಲಿ, ಯಾವ ಕಡೆಗೆ ಹೋಗುವ ಹಡಗು ಅಂತ.

ನಮ್ಮದೇ ದೋಣಿಯ ಗಲೀಜೂ ಲೆಕ್ಕಕ್ಕೆ ಬರುತ್ತದೆ. ಎಂಜಿನ್ ನಿಲ್ಲಿಸಿ, ಸೆಳೆತ ಬರುವ ಕಡೆಗೆ ತಿರುಗಿ, ಮೂತಿಯ ಕಡೆಯಿಂದ ನೀರು ತೆಗೆಯಬೇಕು. ಎಣ್ಣೆ ಅಂಶ ನೋಡುವ ಮಾದರಿಗೆ ಗಾಜಿನ ಬಾಟಲಿಯೇ ಆಗಬೇಕು. ಉಳಿದ ಬಾಟಲಿಗಳನ್ನು ಅದೇ ನೀರಿನಲ್ಲಿ ಕಲಕಿ ತೊಳೆದು ತುಂಬುತ್ತೇವೆ, ಇದನ್ನು ಮಾತ್ರ ತೊಳೆಯಬಾರದು. ತೊಳೆದ ನೀರಿನ ಎಣ್ಣೆ ಗಾಜಿಗೆ ಅಂಟಿಕೊಂಡು ಲೆಕ್ಕ ಏರುತ್ತದೆ.

ಈಗ ಬಲೆಯ ವಿಷಯ. ನನಗೆ ಇಷ್ಟವಾದ ಭಾಗ ಇದು.

ಭಾರತದಲ್ಲಿ ಕಡಲ ಪ್ಲಾಂಕ್ಟನ್, ಅಂದರೆ ನೀರಿನ ಜೊತೆ ತೇಲುವ ಸಣ್ಣ ಜೀವಿಗಳ ಬಗ್ಗೆ ಓದಿದವರಿಗೆಲ್ಲ 330 ಮೈಕ್ರಾನ್ ಬಲೆ ಗೊತ್ತು, ಅದರ ಕಣ್ಣು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. 1960ರ ದಶಕದ ಮೊದಲರ್ಧದಲ್ಲಿ ನಡೆದ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಸಮೀಕ್ಷೆಗೆ ಎಲ್ಲ ದೇಶದವರೂ ಒಂದೇ ತರಹದ ಬಲೆ ಬಳಸಲಿ ಅಂತ ಮಾಡಿದ ಅಳತೆ ಅದು. ಬಾಯಿ ಒಂದು ಚದರ ಮೀಟರ್. ಆಳ ಕಡಲಿಗೆ ಒಳ್ಳೆಯ ಬಲೆ. ಆದರೆ ಕ್ಲಾಂಗಿನ ಕೆಸರು ನೀರಿನಲ್ಲಿರುವ, ಸೀಗಡಿಯ ಸಂಬಂಧಿಗಳಾದ ಕೋಪಿಪಾಡ್‌ಗಳು ತೀರಾ ಸಣ್ಣವು. ಓಯ್ಥೋನಾ, ಪಾರ್ವೊಕ್ಯಾಲನಸ್, ಯೂಟರ್ಪಿನಾ ಇವೆಲ್ಲ ಆ ಬಲೆಯ ಕಣ್ಣಿನಿಂದ ಸಲೀಸಾಗಿ ನುಸುಳಿ ಹೋಗುತ್ತವೆ. ದೊಡ್ಡ ಕಣ್ಣಿನ ಬಲೆ ಎಳೆದು "ಇಲ್ಲಿ ಪ್ಲಾಂಕ್ಟನ್ ಕಮ್ಮಿ, ನೀರು ಕೆಟ್ಟಿದೆ" ಅಂತ ಬರೆಯುವುದು ಬಹಳ ಸುಲಭ. ನಾವು 140 ಮೈಕ್ರಾನ್ ಬಲೆ ತೆಗೆದುಕೊಂಡೆವು. ಬಾಯಿಯ ವ್ಯಾಸ 45 ಸೆಂಟಿಮೀಟರ್.

ಸಣ್ಣ ಕಣ್ಣಿನ ಬಲೆಗೆ ಅದರದ್ದೇ ತೊಂದರೆ. ಕೆಸರು, ಡಯಾಟಮ್ ಸರಪಳಿ, ಕಾಂಡ್ಲಾ ಎಲೆಯ ಕೊಳೆ ಎಲ್ಲ ಸೇರಿ ಕಣ್ಣು ಕಟ್ಟಿಕೊಳ್ಳುತ್ತದೆ. ಆಮೇಲೆ ಬಲೆ ನೀರನ್ನು ಸೋಸುವುದಿಲ್ಲ, ಸುಮ್ನೆ ಮುಂದಕ್ಕೆ ತಳ್ಳುತ್ತದೆ. ಇದನ್ನು ಹಿಡಿಯಲು ಬಾಯಿಗೆ ಫ್ಲೋಮೀಟರ್ ಕಟ್ಟುತ್ತೇವೆ. ಅದರ ಚಕ್ರ ಎಷ್ಟು ಸುತ್ತು ತಿರುಗಿತು ಅನ್ನುವುದರಿಂದ ಎಷ್ಟು ದೂರದ ನೀರು ಒಳಗೆ ಬಂತು ಅಂತ ಗೊತ್ತಾಗುತ್ತದೆ. ನೀರಿಗೆ ಇಳಿಸುವಾಗ ಗಾಳಿಗೇ ಚಕ್ರ ತಿರುಗಿಬಿಡುತ್ತದೆ, ಅದಕ್ಕೆ ಬೆರಳು ಅಡ್ಡ ಹಿಡಿಯಬೇಕು. ಬಲೆ ಎಳೆದ ದೂರ 50 ಮೀಟರ್ ಇದ್ದು ಫ್ಲೋಮೀಟರ್ 30 ಅಂತ ತೋರಿಸಿದರೆ ಕಣ್ಣು ಕಟ್ಟಿದೆ ಅಂತ ಅರ್ಥ. ಆ ಎಳೆತ ಬಿಟ್ಟು, ಬಲೆ ತೊಳೆದು, ಕಡಿಮೆ ದೂರ ಎಳೆಯಬೇಕು. ಅಳಿವೆಯ ಹತ್ತಿರ ನಮ್ಮ ಎಳೆತಗಳೆಲ್ಲ ಗಿಡ್ಡವೇ. ಬಲೆಯನ್ನು ಹೊರಗಿನಿಂದ ತೊಳೆಯಬೇಕು ಅನ್ನುವುದನ್ನು ಹೊಸಬರಿಗೆ ಪ್ರತಿಸಲ ಹೇಳಬೇಕಾಗುತ್ತಿತ್ತು. ಒಳಗಿನಿಂದ ನೀರು ಹೊಯ್ದರೆ ಆ ನೀರಿನ ಪ್ಲಾಂಕ್ಟನ್ ಕೂಡ ಡಬ್ಬಿಗೆ ಬೀಳುತ್ತದೆ.

ಲೆಕ್ಕ ಹೀಗೆ. 45 ಸೆಂಟಿಮೀಟರ್ ಬಾಯಿ ಅಂದರೆ 0.16 ಚದರ ಮೀಟರ್. ಅದಕ್ಕೆ 50 ಮೀಟರ್ ನೀರು ಹಾದರೆ 8 ಘನ ಮೀಟರ್ ಸೋಸಿದ ಹಾಗೆ. ಹಿಡಿದದ್ದನ್ನೆಲ್ಲ ಎಣಿಸಲು ಜನ್ಮ ಸಾಲದು. ಡ್ರಮ್ಮಿನಂಥ ಒಂದು ಪೆಟ್ಟಿಗೆಯಲ್ಲಿ ಹಾಕಿ ಅರ್ಧ, ಅದರಲ್ಲಿ ಅರ್ಧ, ಮತ್ತೆ ಅರ್ಧ ಮಾಡುತ್ತೇವೆ. ಎಂಟನೇ ಒಂದು ಭಾಗದಲ್ಲಿ 400 ಕೋಪಿಪಾಡ್ ಸಿಕ್ಕರೆ ಒಟ್ಟು 3,200, ಅಂದರೆ ಘನ ಮೀಟರಿಗೆ 400. ಫ್ಲೋಮೀಟರಿನ ಓದು ತಪ್ಪಿದ್ದರೆ ಈ ಕೊನೆಯ ಸಂಖ್ಯೆಯೂ ಅಷ್ಟೇ ತಪ್ಪು.

ಹಿಡಿದದ್ದನ್ನು ಕೆಡದಂತೆ ಇಡಲು ಕೂಡಲೇ ಫಾರ್ಮಲಿನ್‌ಗೆ ಹಾಕುವ ಆತುರ ಬೇಡ. ಮೊದಲು ಒಂದು ಹನಿ ಜೀವಂತ ಇರುವಾಗಲೇ ನೋಡಬೇಕು. ಲೋಳೆ ಮೈಯವು ಔಷಧಿ ತಾಗಿದರೆ ಆಕಾರ ಕಳೆದುಕೊಳ್ಳುತ್ತವೆ. ಹೊಟ್ಟೆಯಲ್ಲಿ ಹಸಿರು ಪಾಚಿ ಇಟ್ಟುಕೊಂಡ ನಾಕ್ಟಿಲೂಕಾ ಅನ್ನುವ ಏಕಕೋಶ ಜೀವಿ ಈ ಕಡಲಲ್ಲಿದೆ. ಅದರ ಹಸಿರು ಆಮೇಲೆ ಕಾಣುವುದಿಲ್ಲ. ಫಾರ್ಮಲಿನ್‌ಗೆ ಬೋರಾಕ್ಸ್ ಹಾಕಿರಬೇಕು, ಇಲ್ಲದಿದ್ದರೆ ಅದರ ಹುಳಿಗೆ ಮರಿ ಚಿಪ್ಪುಗಳು ಕರಗುತ್ತವೆ. ಸೆಲಂಗೋರ್ ಕರಾವಳಿಯಲ್ಲಿ ಚಿಪ್ಪಿ ಸಾಕುವವರಿದ್ದಾರೆ, ಅವರಿಗೆ ಬೇಕಾದದ್ದೇ ಆ ಮರಿಗಳ ಲೆಕ್ಕ. ಸಸ್ಯ ಪ್ಲಾಂಕ್ಟನ್‌ಗೆ ಬೇರೆ ಬಾಟಲಿ, ಬಲೆ ಬೇಡ, ನೀರನ್ನೇ ತುಂಬಿ ಲ್ಯೂಗಾಲ್ ಅಯೋಡಿನ್ ಹಾಕುತ್ತೇವೆ. ತೆಳು ಬ್ಲ್ಯಾಕ್ ಟೀ ಬಣ್ಣ ಬಂದರೆ ಸಾಕು.

ನೀರಿನ ಗುಣದ ಬಗ್ಗೆ ಎರಡೇ ಮಾತು, ಯಾಕೆಂದರೆ ಇಲ್ಲಿ ಗಾಬರಿ ಬೀಳುವವರು ಜಾಸ್ತಿ. ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಬಂತು ಅಂದ ಕೂಡಲೇ ಕಡಲು ಸಾಯುತ್ತಿದೆ ಅಂತ ಹೇಳುತ್ತಾರೆ. 30 ಡಿಗ್ರಿ ಬಿಸಿಯ ಉಪ್ಪು ನೀರು ಹಿಡಿದಿಟ್ಟುಕೊಳ್ಳುವುದೇ ಆರೂವರೆ ಹತ್ತಿರ. ಅದರಲ್ಲೂ ನಸುಕಿನಲ್ಲಿ ಕಮ್ಮಿ, ಮಧ್ಯಾಹ್ನ ಪಾಚಿ ಉಸಿರು ಬಿಟ್ಟ ಮೇಲೆ ಜಾಸ್ತಿ. ಇನ್ನೊಂದು ತೇಲುಮಣ್ಣಿನ ತೂಕ. ಸೋಸಿದ ಕಾಗದವನ್ನು ಶುದ್ಧ ನೀರಿನಿಂದ ತೊಳೆಯದೆ ಒಣಗಿಸಿದರೆ ಮಣ್ಣಿನ ಜೊತೆ ಉಪ್ಪೂ ತೂಗುತ್ತದೆ. ಕಡಲು ಇದ್ದದ್ದಕ್ಕಿಂತ ಕೊಳಕಾಗಿ ಕಾಣುತ್ತದೆ.

ನೈರುತ್ಯ ಮಾನ್ಸೂನಿನ ತಿಂಗಳುಗಳಲ್ಲಿ ನಸುಕಿಗೆ ಸುಮಾತ್ರಾ ಕಡೆಯಿಂದ ಬಿರುಗಾಳಿ ಬರುತ್ತದೆ. ಅಲ್ಲಿನವರು ಅದನ್ನು ಸುಮಾತ್ರಾ ಅಂತಲೇ ಕರೆಯುತ್ತಾರೆ. ಪಡುವಣದಲ್ಲಿ ಕಪ್ಪು ಗೆರೆ ಕಂಡರೆ ಅಂಕಲ್ ನನ್ನ ಕಡೆ ನೋಡುತ್ತಲೂ ಇರಲಿಲ್ಲ, ದೋಣಿ ತಿರುಗಿಸುತ್ತಿದ್ದರು. ಒಮ್ಮೆ "ಇನ್ನೊಂದೇ ಜಾಗ ಅಂಕಲ್, ನೀರು ನಿಲ್ಲುವ ಹೊತ್ತು" ಅಂದೆ. "ನಾಳೆಯೂ ನಿಲ್ಲುತ್ತದೆ" ಅಂದರು. ಹದಿನೈದು ದಿನ ಬಿಟ್ಟು ಅದೇ ತಿಥಿಗೆ ಹತ್ತಿರದ ದಿನ ಹಿಡಿದು ಆ ತುಂಡನ್ನು ಮತ್ತೆ ಮಾಡಿದೆವು.

ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಇಷ್ಟು ಹಡಗು ಓಡಾಡಿ ಕಡಲು ಎಷ್ಟು ಹಾಳಾಗಿದೆ? ನನ್ನ ಬಾಟಲಿಗಳು ಬೆರಳು ತೋರಿಸಿದ್ದು ನದಿಯ ಕಡೆಗೆ. ಇಳಿತದ ಹೊತ್ತಿನಲ್ಲಿ ಅಮೋನಿಯಾ, ತೇಲುಮಣ್ಣು ಎರಡೂ ಅಳಿವೆಯಿಂದ ಹೊರಗೆ ಹೋದಂತೆ ಇಳಿಯುತ್ತಿದ್ದವು, ಲೇನಿನ ಹತ್ತಿರ ಮತ್ತೆ ಏರುತ್ತಿರಲಿಲ್ಲ. ಊರಿನ ಚರಂಡಿ ದಿನಕ್ಕೆರಡು ಸಲ ಕಡಲಿಗೆ ಬರುತ್ತದೆ. ಹಾಗಂತ ಹಡಗು ಸಾಚಾ ಅಂತಲ್ಲ. ಅವು ಸಮತೋಲನಕ್ಕೆ ಅಂತ ಹೊಟ್ಟೆಯಲ್ಲಿ ತುಂಬಿಕೊಂಡು ಬರುವ ನಿಲುಭಾರದ ನೀರಿನಲ್ಲಿ ಬೇರೆ ಕಡಲಿನ ಜೀವಿಗಳಿರುತ್ತವೆ. ಆ ಬಗ್ಗೆ ಅಂತಾರಾಷ್ಟ್ರೀಯ ಒಪ್ಪಂದ 2017ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಶುದ್ಧೀಕರಿಸಿ ಬಿಡುವ ನೀರಿನಲ್ಲಿ 50 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಜೀವಂತ ಜೀವಿಗಳು ಘನ ಮೀಟರಿಗೆ ಹತ್ತಕ್ಕಿಂತ ಕಮ್ಮಿ ಇರಬೇಕು. ನಾವು ಎಳೆಯುವ ಬಲೆ ಅಂಥ ಅತಿಥಿಯನ್ನು ಗುರುತು ಹಿಡಿಯಲು ಸಾಲದು. ಇಲ್ಲಿಯದೇ ಜಾತಿಗಳ ಹಳೇ ಪಟ್ಟಿ ಬೇಕು, ಕಾಲು, ಮೀಸೆ ಬಿಡಿಸಿ ನೋಡುವ ತಜ್ಞರು ಬೇಕು. ವರದಿಯಲ್ಲಿ ಅಷ್ಟನ್ನೇ ಬರೆದೆ.

ವರದಿ ಕೊಟ್ಟಾಗ ಕೆಲಸ ಕೊಟ್ಟವರಿಗೆ ಬೇಕಿದ್ದದ್ದು ಪ್ರತಿ ಜಾಗಕ್ಕೂ ಒಂದೇ ಸರಾಸರಿ. ಉಬ್ಬರದ ನೀರು, ಇಳಿತದ ನೀರು ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ನೀರು ಆ ಕಡಲಲ್ಲಿ ಯಾವ ಹೊತ್ತಿನಲ್ಲೂ ಇರುವುದಿಲ್ಲ. ಎರಡು ಕಾಲಂ ಇಟ್ಟೆ, ಪಕ್ಕದಲ್ಲಿ ಗಂಟೆ, ತಿಥಿ ಬರೆದೆ. ಸರಾಸರಿ ಬೇಕಾದವರು ತಾವೇ ಹಾಕಿಕೊಳ್ಳಲಿ ಅಂತ ಹೇಳಿ ಬಂದೆ.